ಸಂಕೋಚವಿಲ್ಲದೆ ಬೇಡಿರಿ

(ಲೂಕ 11:5-13)

ಪ್ರಿಯರೇ, 1820ರಲ್ಲಿ ಜೋಸೆಫ್ ಟೇಲರ್ ಅಯ್ಯನವರು ಬೆಳಗಾವಿಗೆ ಬಂದು ಸುವಾರ್ತೆಯನ್ನು ಸಾರಿದಂದಿನಿಂದ ಈ ಸೀಮೆಯಲ್ಲಿ ಕರ್ತನ ಪ್ರಾರ್ಥನೆಯು ಹೇಳಲ್ಪಡುತ್ತಾ ಇದೆ. ಅದರಲ್ಲಿ ದೇವರ ನಾಮ, ರಾಜ್ಯ, ಚಿತ್ತ ಇವುಗಳ ಬೆನ್ನಿಗೇ ಅನ್ನದ ಮಾತು ಬರುತ್ತದಷ್ಟೆ. ಆದರೂ ಖಾನಾಪುರದ ಕಡೆಯ ನಮ್ಮ ರೈತರಲ್ಲಿ ಕೆಲವರು, "ಎತ್ತಿನ ಬೇನೆ, ಬೀಜದ ಭತ್ತ, ಸಾಲದ ಕಂತು, ಇಂಥ ಅಲ್ಪ ಸಂಗತಿಗಳನ್ನು ದೇವರಿಗೆ ಹೇಳಬಹುದೋ?" ಎಂದು ಸಂಕೋಚಪಡುತ್ತಾರೆ. ಕಚೇರಿಗೆ ಅರ್ಜಿ ಕೊಡುವವನು ಪರಿಚಯಸ್ಥನನ್ನು ಹುಡುಕುವನು. ಮಗನಾದರೋ ನೆಟ್ಟಗೆ ಅಡಿಗೆಮನೆಗೆ ಹೋಗುವನು. ನಾವು ಮಕ್ಕಳಾಗಿದ್ದೇವೆ.

ನಡುರಾತ್ರಿಯಲ್ಲಿ ಬಾಗಿಲು ತಟ್ಟಿದವನು ಬೇಡಿದ್ದು ಮೂರು ರೊಟ್ಟಿಗಳನ್ನು ಮಾತ್ರ, ಅವೂ ಅತಿಥಿಗಾಗಿ. ಕರ್ತನು ಅವನನ್ನು ಹಳಿಯದೆ ನಮಗೆ ಮಾದರಿಯಾಗಿಟ್ಟನು.

ಆದರೆ ಧೈರ್ಯವು ಹರಕೆಯಲ್ಲ. "ಇದನ್ನು ಕೊಟ್ಟರೆ ಅದನ್ನು ಕೊಡುವೆನು" ಎಂಬುದು ವ್ಯಾಪಾರ. ಪೌಲನು ಮೂರಾವರ್ತಿ ಬೇಡಿದರೂ ಮುಳ್ಳು ಹೋಗಲಿಲ್ಲ, ಕೃಪೆಯು ದೊರೆಯಿತು. ಎತ್ತು ಸತ್ತ ಮನೆಯವರೇ, ನಿಮ್ಮ ಪ್ರಾರ್ಥನೆಯು ಕೇಳಲ್ಪಡಲಿಲ್ಲವೆಂದು ಎಣಿಸಬೇಡಿರಿ. ಉತ್ತರವು ಅನೇಕ ವೇಳೆ ನೆರೆಯವನ ಕೈಯಿಂದ ಬರುತ್ತದೆ. ಆದದರಿಂದ ಎತ್ತುಳ್ಳವನು ಆ ಹೊಲದಲ್ಲಿ ನೇಗಿಲು ಹೂಡಲಿ.

ಇಂದು ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲರೂ ಕೂಡಿ, ಬೇಕಾದದ್ದನ್ನು ಹೆಸರು ಹೇಳಿ ಬೇಡಿರಿ. ಆಮೆನ್.