ಕಿಟಕಿ ಯಾರ ಸಲುವಾಗಿ?

ಗಡಹಿಂಗ್ಲಜದಾಗ ಮನಿ ಕಟ್ಟಿಸುವಾಗ ಬಡಿಗೇರ ಕೇಳಿದ: "ಸ್ಲೈಡಿಂಗ್ ಖಿಡಕಿ ಬೇಕೋ, ಕಟ್ಟಿಗಿದ್ದೋ?" 2 ಹಳಿಯ ಸ್ಲೈಡಿಂಗ್ ಅರ್ಧವೇ ತೆರೆಯುತ್ತದೆ; ಬಿಜಾಗರಿಯದು ಪೂರ್ತಿ. ಪಡುವಣ ಮಳೆಗೆ ಮೇಲೊಂದು ಸಜ್ಜಾ ಇದ್ದರಾತು.

ಇಚಲಕರಂಜಿಯಲ್ಲಿ ನನ್ನ ತಮ್ಮ ವಿದ್ಯುತ್ ಮಗ್ಗಗಳ ಸದ್ದಿಗೆ ಕಿಟಕಿ ಮುಚ್ಚಿಕೊಂಡೇ ಇರತಾನ. ಅದು ತಪ್ಪಲ್ಲ. ನಮ್ಮ ಓಣಿಯಲ್ಲಿ ಅಂಥ ಸದ್ದಿಲ್ಲ. ಆದರೂ ಬೀದಿ ಕಡೆ ಕಿಟಕಿಯೇ ಬ್ಯಾಡ ಅಂದಿದ್ದೆ, ಮಂದಿ ಇಣುಕತಾರಂತ.

ಅವ್ವ ಅಂದಳು: "ನೀ ಕೆಲಸಕ್ಕ ಹ್ವಾದಾಗ ನಾ ಬಿದ್ದರ ಯಾರು ನೋಡಬೇಕು?"

ನನ್ನ ಹತ್ತಿರ ಉತ್ತರವಿರಲಿಲ್ಲ. ನೆರೆಯವರ ಕಣ್ಣು ಕಾಟವೂ ಹೌದು, ಕಾವಲೂ ಹೌದು. ಒಂದನ್ನು ಮುಚ್ಚಿದರೆ ಇನ್ನೊಂದೂ ಮುಚ್ಚುತ್ತದೆ. ಪೂರ್ತಿ ತೆರೆಯುವ ಕಟ್ಟಿಗಿ ಕಿಟಕಿಯನ್ನೇ ಬೀದಿ ಕಡೆ ಇಡಿಸಿದೆ. ಪರದೆ ಎಳೆಯೋದು, ಬಿಡೋದು ಅವ್ವನ ಮರ್ಜಿ.