ಖಾತೆ ಬದಲಿಸುವ ಮುನ್ನ

ಅಂಗಡಿಯಲ್ಲಿ ತೂಕ ಕಡಿಮೆಯಾದರೆ ಗಿರಾಕಿಯು ಮತ್ತೊಂದು ಅಂಗಡಿಗೆ ಹೋಗುತ್ತಾನೆ. ಅದನ್ನು ಯಾರೂ ಕೃತಘ್ನತೆಯೆಂದು ಕರೆಯುವುದಿಲ್ಲ. ಬ್ಯಾಂಕಿನ ಶಾಖೆಯಲ್ಲಿ ಕೆಲಸ ಕೆಟ್ಟಾಗ ಮಾತ್ರ ನಮ್ಮಂತಹ ಉಪಾಧ್ಯಾಯರ ಮನಸ್ಸು ಹಿಂದುಮುಂದು ನೋಡುತ್ತದೆ. ಕೆಲಸಕ್ಕೆ ಸೇರಿದ ದಿನದಿಂದ ಸಂಬಳ ಬರುತ್ತಿರುವ ಖಾತೆಯನ್ನು ಬಿಟ್ಟು ಬೇರೆಡೆಗೆ ಹೋಗುವುದು ಸರಿಯೇ ಎಂಬ ಚರ್ಚೆಯು ಮದ್ದೂರಿನ ಕಡೆಯ ನಮ್ಮ ಸಹೋದ್ಯೋಗಿಗಳಲ್ಲಿ ಈಚೆಗೆ ಆಗಾಗ ನಡೆಯುತ್ತಿದೆ. ಈ ಹಿಂಜರಿಕೆಯ ಮೂಲ ಯಾವುದು? ಋಣದ ಭಾವನೆಯೇ, ಬರಿಯ ಆಲಸ್ಯವೇ, ಅಥವಾ ಇವೆರಡಕ್ಕೂ ಬೇರೆಯಾದ ಒಂದು ಹೊಣೆಯೇ?

ಶಾಖೆಯ ಹೆಸರು ಇಲ್ಲಿ ಅಪ್ರಸ್ತುತ. ಲಕ್ಷಣಗಳು ಎಲ್ಲರಿಗೂ ತಿಳಿದವೇ. ಐವರು ಕುಳಿತಿದ್ದಲ್ಲಿ ಇಬ್ಬರು ಉಳಿದಿದ್ದಾರೆ. ಪಾಸ್‌ಬುಕ್ ಮುದ್ರಿಸುವ ಯಂತ್ರವು ಕೆಟ್ಟು ತಿಂಗಳುಗಳಾದವು. ಸರ್ವರ್ ಇಲ್ಲ, ನಾಳೆ ಬನ್ನಿರೆಂಬ ಉತ್ತರ ವಾರಕ್ಕೆರಡು ಸಲ ತಪ್ಪದು. ಹೊಸದಾಗಿ ಬಂದ ಗುಮಾಸ್ತರಿಗೆ ತೆಲುಗೂ ಬಾರದು, ಕನ್ನಡವೂ ಬಾರದು. ನಮೂನೆಗಳು ಹಿಂದಿ, ಇಂಗ್ಲಿಷ್ ಹಾಗೂ ಪ್ರಾದೇಶಿಕ ಭಾಷೆಯಲ್ಲಿರಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಇಲ್ಲಿ ಪ್ರಾದೇಶಿಕ ಭಾಷೆಯೆಂದರೆ ತೆಲುಗು. ಮನೆಯಲ್ಲಿ ಕನ್ನಡವಾಡುವ, ಅಕ್ಷರವರಿಯದ ಮುದುಕಿಗೆ ಈ ಮೂರೂ ಒಂದೇ.

ಮೊದಲು ಋಣದ ಮಾತು. ನಮ್ಮ ಹಿರಿಯರಿಗೆ ಬ್ಯಾಂಕೆಂದರೆ 1941ರಲ್ಲಿ ನಿಜಾಮರ ಸರ್ಕಾರವು ಸ್ಥಾಪಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕ್. 1956ರಲ್ಲಿ ಅದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎನಿಸಿತು. ಅದೇ ವರ್ಷ ರಾಜ್ಯಗಳ ಪುನರ್ವಿಂಗಡಣೆಯಾಗಿ, ಗುಲ್ಬರ್ಗ ಜಿಲ್ಲೆಯ ಕೊಡಂಗಲ್ ತಾಲ್ಲೂಕೂ ರಾಯಚೂರು ಜಿಲ್ಲೆಯ ಗದ್ವಾಲ್ ತಾಲ್ಲೂಕೂ ಆಂಧ್ರಪ್ರದೇಶಕ್ಕೆ ಸೇರಿದವು. ಊರುಗಳ ನಡುವೆ ಗಡಿ ಬಿದ್ದಿತು. ಬ್ಯಾಂಕು ಮಾತ್ರ ಎರಡೂ ಕಡೆ ಒಂದೇ ಆಗಿ ಉಳಿಯಿತು. ಆ ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸ್ಟೇಟ್ ಬ್ಯಾಂಕ್ ಆಫ್ ಮೈಸೂರೂ ಹೋಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 1928ರಿಂದ ಪಿಗ್ಮಿ ಯೋಜನೆಯ ಮೂಲಕ ಬಡವರ ಮನೆಬಾಗಿಲಿಗೆ ಬಂದು ದಿನಕ್ಕೆರಡು ಆಣೆಯನ್ನೂ ಜಮೆ ಮಾಡಿಕೊಳ್ಳುತ್ತಿದ್ದ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಸೇವೆ ಕೆಡುವುದಕ್ಕೆ ವಿಲೀನವೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಇರಬೇಕೋ ಹೋಗಬೇಕೋ ಎಂದು ನಾವು ತರ್ಕಿಸುತ್ತಿರುವಾಗ, ಬ್ಯಾಂಕುಗಳೇ ನಮ್ಮನ್ನು ಕೇಳದೆ ಬೇರೆ ಬ್ಯಾಂಕುಗಳಾಗಿಬಿಟ್ಟವು! ಹೀಗಿರುವಲ್ಲಿ ಋಣ ಯಾರಿಗೆ? ಕೌಂಟರಿನಿಂದ ಎದ್ದುಬಂದು ಮುದುಕರ ಚೀಟಿಗಳನ್ನು ತುಂಬಿಕೊಡುತ್ತಿದ್ದ ಗುಮಾಸ್ತರೊಬ್ಬರು ಇದ್ದರು. ಋಣವು ಅವರಿಗೆ ಸಲ್ಲತಕ್ಕದ್ದು, ಮತ್ತು ಅವರಿಗೆ ಎಂದೋ ವರ್ಗವಾಯಿತು.

ಆಲಸ್ಯದ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಅದು ಇದೆ.

ಹಣಕ್ಕೇ ಅಪಾಯವಿದ್ದರೆ ವಿಚಾರ ಬೇರೆ. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು ಮುಚ್ಚಿದ ಬಳಿಕ, 1962ರಿಂದ ನಮ್ಮ ದೇಶದಲ್ಲಿ ಠೇವಣಿಗಳಿಗೆ ವಿಮೆ ಬಂದಿತು. 2020ರಲ್ಲಿ ಅದರ ಮಿತಿಯು ಐದು ಲಕ್ಷ ರೂಪಾಯಿಗಳಿಗೆ ಏರಿತು. ನಮ್ಮ ಸಂಬಳಕ್ಕೆ ಅಂತಹ ಭಯವಿಲ್ಲ. ಇಲ್ಲಿ ಕೆಟ್ಟಿರುವುದು ಸೇವೆ ಮಾತ್ರ.

ಮೂರನೆಯದೇ ನಿಜವಾಗಿ ವಿಚಾರಾರ್ಹವಾದುದು. ವೇತನದ ಬಿಲ್ಲು ಮಾಡುವ ಅಧಿಕಾರಿಗೆ ಒಂದು ಅರ್ಜಿ ಕೊಟ್ಟರೆ ನಮ್ಮ ಸಂಬಳ ಬೇರೆ ಬ್ಯಾಂಕಿಗೆ ಹೋಗುತ್ತದೆ. ಬೆಳೆಸಾಲ ತೀರದ ರೈತನಿಗೆ ಇದು ಸಾಧ್ಯವೇ? ಆ ಶಾಖೆಯಲ್ಲಿಯೇ ಸಾಲ ಪಡೆದ ಮಹಿಳಾ ಸಂಘದವರಿಗೆ? ನಾರಾಯಣಪೇಟೆಗೆ ಬಸ್ಸು ಹತ್ತಲಾರದ ವೃದ್ಧೆಗೆ? ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನೈಜೀರಿಯಾ ದೇಶದ ರೈಲ್ವೆಯ ಉದಾಹರಣೆಯನ್ನು ಕೊಟ್ಟಿದ್ದಾರೆ. ಲಾರಿಗಳ ಪೈಪೋಟಿ ಬಂದರೂ ಆ ರೈಲ್ವೆಯು ಸುಧಾರಿಸಲಿಲ್ಲ. ಏಕೆಂದರೆ ಗಟ್ಟಿಯಾಗಿ ದೂರಬಲ್ಲ ವರ್ತಕರೇ ಮೊದಲು ಲಾರಿಗಳ ಕಡೆಗೆ ಹೊರಟುಹೋದರು. ದೂರುವವರಿಲ್ಲದ ರೈಲ್ವೆಗೆ ನಾಚಿಕೆಯೂ ಉಳಿಯಲಿಲ್ಲ. ನಮ್ಮ ಶಾಖೆಯಲ್ಲಿಯೂ ಅರ್ಜಿ ಬರೆಯಬಲ್ಲವರು ನಾವೇ. ನಾವು ಹೊರಟರೆ ಸಾಲಿನಲ್ಲಿ ಉಳಿಯುವವರು ಬರೆಯಲಾರದವರು.

ಇದನ್ನು ಬೇರೆ ಯಾರಿಗಾದರೂ ವಿವರಿಸಬೇಕಾದೀತು, ಗಡಿನಾಡಿನ ಕನ್ನಡ ಶಾಲೆಗಳ ಉಪಾಧ್ಯಾಯರಿಗೆ ವಿವರಿಸಬೇಕಾಗಿಲ್ಲ. ಉಳ್ಳವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕರೆದೊಯ್ದರು. ಶಾಲೆಗೆ ಉಪಾಧ್ಯಾಯರು ಸಾಲದಿದ್ದರೂ ಸೂರು ಸೋರಿದರೂ ಮಂಡಲ ಕಚೇರಿಗೆ ಹೋಗಿ ಕೇಳುವ ತಂದೆತಾಯಿಗಳೇ ಇಲ್ಲವಾದರು. ನೀವು ಬಿಟ್ಟುಹೋದರೆ ಉಳಿದ ಮಕ್ಕಳ ಗತಿಯೇನು ಎಂದು ಪ್ರತಿ ಜೂನ್ ತಿಂಗಳಿನಲ್ಲಿ ಮನೆಮನೆಗೆ ಹೋಗಿ ನಾವು ಕೇಳುತ್ತೇವೆ. ಆ ಮಾತನ್ನಾಡುವ ನಾಲಗೆಯಿಂದಲೇ, ಸಾಲು ಉದ್ದವಾಯಿತೆಂದು ಖಾತೆ ಬದಲಿಸುತ್ತೇವೆ ಎನ್ನಬಹುದೇ? ವಾಸ್ತವವಾಗಿ ನಮಗಿಂತ ಆ ಪೋಷಕರ ಪಕ್ಷವೇ ಬಲವಾದುದು. ಮಗುವಿನ ಕಳೆದ ವರ್ಷ ಮರಳಿ ಬಾರದು. ನಮ್ಮ ಹಣ ಇಂದಲ್ಲ ನಾಳೆ ಕೈಗೆ ಬರುತ್ತದೆ. ಅವರನ್ನು ದೂರುತ್ತ ನಾವು ಹೊರಡುವುದು ಒಪ್ಪುವ ಮಾತಲ್ಲ.

ಹಾಗೆಂದು ಸುಮ್ಮನೆ ಉಳಿಯುವುದರಿಂದಲೂ ಯಾರಿಗೂ ಉಪಕಾರವಿಲ್ಲ. ಬಾಯಿ ಮುಚ್ಚಿ ಸಾಲಿನಲ್ಲಿ ನಿಂತ ಉಪಾಧ್ಯಾಯನು ಆ ಸಾಲನ್ನು ಒಬ್ಬನಷ್ಟು ಉದ್ದಮಾಡುತ್ತಾನೆ, ಅಷ್ಟೆ. ಉಳಿಯುವುದಾದರೆ ಕೇಳಲೆಂದೇ ಉಳಿಯಬೇಕು, ಅದಕ್ಕೊಂದು ಅವಧಿಯನ್ನೂ ಗೊತ್ತುಮಾಡಿಕೊಳ್ಳಬೇಕು. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟು ರಸೀದಿ ಪಡೆಯಬೇಕು. ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ. 1995ರಿಂದ ಇದ್ದ ಈ ವ್ಯವಸ್ಥೆಯನ್ನು 2021ರಲ್ಲಿ ಇತರ ಓಂಬುಡ್ಸ್‌ಮನ್ ಯೋಜನೆಗಳೊಡನೆ ಒಂದುಗೂಡಿಸಲಾಯಿತು. ಇಷ್ಟಾದ ಮೇಲೂ ಏನೂ ಸುಧಾರಿಸದಿದ್ದರೆ ಖಾತೆ ಬದಲಿಸುವವನಲ್ಲಿ ದೋಷವಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದು ಹಣಕ್ಕಾಗಿ ಒಂದು ದಿನವೂ ಕಾಯಲಾರದ ಸಹೋದ್ಯೋಗಿಯೊಬ್ಬರು ಈಗಾಗಲೇ ಬದಲಿಸಿದ್ದಾರೆ. ಅವರನ್ನು ನಾವು ಆಕ್ಷೇಪಿಸುವುದಿಲ್ಲ. ಖಾತೆ ಬದಲಿಸಿದ ಮೇಲೂ ಅವರು ಪಿಂಚಣಿಯ ದಿನ ನೆರೆಮನೆಯ ಅಜ್ಜಿಯೊಡನೆ ಅದೇ ಶಾಖೆಗೆ ಹೋಗಿ ಚೀಟಿ ಬರೆದುಕೊಡುತ್ತಾರೆ.

ನಮ್ಮ ದೂರಿನ ಕರಡು ಸಿದ್ಧವಾಗಿದೆ. ಕಚೇರಿಗಾಗಿ ತೆಲುಗಿನಲ್ಲಿ ಒಂದು ಪ್ರತಿ, ಹೆಬ್ಬೆಟ್ಟು ಒತ್ತುವವರಿಗೆ ಓದಿ ಹೇಳಲು ಕನ್ನಡದಲ್ಲಿ ಒಂದು ಪ್ರತಿ. ಮುದ್ರಣ ಯಂತ್ರದ ವಿಷಯವನ್ನು ಮೊದಲು ಬರೆದಿದ್ದೆವು. ಕೇಳಿದ ಹೆಂಗಸರು, ಅದಕ್ಕಿಂತ ಮುಂಚೆ ಬಾಗಿಲ ಬಳಿ ಕುಳಿತುಕೊಳ್ಳಲು ಒಂದು ಬೆಂಚು ಹಾಕಿಸಿರೆಂದು ಬರೆಯಿರಿ ಎಂದರು. ಹಾಗೆಯೇ ತಿದ್ದಿದ್ದೇವೆ.