ದಿನದ ಚಿಂತನೆ: ನಕಲು ಯಾವಾಗ ಸುಳ್ಳಾಗುತ್ತದೆ?

 

ಇಂದಿನ ಚಿಂತನೆಗೆ ಒಂದು ಕಾರನ್ನು ತೆಗೆದುಕೊಳ್ಳೋಣ. ಮಿಲಿಂದ ರಾಜನಿಗೆ ಅನಾತ್ಮವನ್ನು ತಿಳಿಸಲು ನಾಗಸೇನ ಭಂತೇಜಿ ರಾಜ ಏರಿ ಬಂದ ರಥವನ್ನೇ ಉದಾಹರಣೆಯಾಗಿ ಎತ್ತಿಕೊಂಡರು. ನಮ್ಮ ಕಾಲದ ರಥ ಕಾರು ತಾನೇ!

ಅಮೆರಿಕದ ಪಾಂಟಿಯಾಕ್ ಕಂಪನಿ 1984ರಿಂದ 1988ರವರೆಗಿನ ಮಾದರಿಗಳಾಗಿ ‘ಫಿಯೆರೋ’ ಎಂಬ ಎರಡು ಸೀಟಿನ ಸಣ್ಣ ಕಾರನ್ನು ಮಾರಿತು. ಅದರ ಎಂಜಿನ್ ಇರುವುದು ಮುಂದೆ ಅಲ್ಲ, ಸೀಟಿನ ಬೆನ್ನಿಗೆ. ಇಟಲಿಯ ಫೆರಾರಿ, ಲ್ಯಾಂಬೋರ್ಗಿನಿಗಳ ಎಷ್ಟೋ ಹೆಸರಾಂತ ಕಾರುಗಳಲ್ಲೂ ಎಂಜಿನ್ ಇರುವುದು ಅಲ್ಲೇ. ಫಿಯೆರೋದ ಬಲವೆಲ್ಲ ಒಳಗಿನ ಉಕ್ಕಿನ ಚೌಕಟ್ಟಿನಲ್ಲಿದೆ. ಹೊರಗೆ ಕಾಣುವ ಮೈ ಪ್ಲಾಸ್ಟಿಕ್ಕಿನದು, ಆ ಚೌಕಟ್ಟಿಗೆ ಜೋಡಿಸಿದ್ದು. ಅದನ್ನು ಬಿಚ್ಚಿ ತೆಗೆದರೂ ಕಾರು ಓಡುತ್ತದೆ.

ಇದನ್ನು ಕಂಡ ಹವ್ಯಾಸಿಗಳು ಹಳೆಯ ಫಿಯೆರೋ ಕೊಂಡು, ಅದರ ಮೈ ಬಿಚ್ಚಿ, ಫೈಬರ್‌ಗ್ಲಾಸಿನಲ್ಲಿ ಅಚ್ಚು ಹೊಯ್ದ ಫೆರಾರಿಯ ಮೈಯನ್ನು ತೊಡಿಸತೊಡಗಿದರು. ಇದು ಅಂಗಿ ಬದಲಿಸಿದಷ್ಟು ಸುಲಭವಲ್ಲ. ಫಿಯೆರೋದ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಸುಮಾರು 237 ಸೆಂಟಿಮೀಟರ್. ಫೆರಾರಿ ಟೆಸ್ಟರೋಸ್ಸಾದ್ದು 255. ಈ 18 ಸೆಂಟಿಮೀಟರಿಗಾಗಿ ಚೌಕಟ್ಟನ್ನೇ ಕತ್ತರಿಸಿ, ನಡುವೆ ಉಕ್ಕು ಸೇರಿಸಿ ಬೆಸುಗೆ ಹಾಕಬೇಕು. ಅಚ್ಚಿನಿಂದ ಬಂದ ಮೈಯ ಉಬ್ಬುತಗ್ಗುಗಳಿಗೆ ಪುಟ್ಟಿ ಹಚ್ಚಬೇಕು, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಬೇಕು, ಮತ್ತೆ ಹಚ್ಚಬೇಕು, ಮತ್ತೆ ಉಜ್ಜಬೇಕು. ಬಾಗಿಲಿನ ಸಂದು ಮೇಲೆ ಕೆಳಗೆ ಒಂದೇ ಸಮ ಬರಬೇಕು. ವರ್ಷಗಟ್ಟಲೆಯ ಭಾನುವಾರಗಳು ಇದರಲ್ಲೇ ಕಳೆಯುತ್ತವೆ. ಎಷ್ಟೋ ಕಾರುಗಳು ಅರ್ಧಕ್ಕೇ ನಿಲ್ಲುತ್ತವೆ.

ಅಡಿಯಲ್ಲಿರುವ ಹಳೆಯ ಕಾರನ್ನು ಅವರು ‘ಡೋನರ್’, ಅಂದರೆ ದಾನಿ ಎಂದು ಕರೆಯುತ್ತಾರೆ. ಎಂಜಿನ್ನು, ಬ್ರೇಕು, ಸ್ಟೀರಿಂಗು ಎಲ್ಲವನ್ನೂ ಕೊಟ್ಟ ಆ ದಾನಿ ಕೊನೆಗೆ ತನ್ನ ಮುಖವನ್ನೂ ಕಳೆದುಕೊಳ್ಳುತ್ತಾನೆ. ಫೆರಾರಿಯ ಮೈಯೊಳಗೆ ಓಡುತ್ತಿರುವುದು ಅವನೇ. ಆದರೆ ನೋಡಿದವರು ಅವನ ಹೆಸರು ಹೇಳುವುದಿಲ್ಲ.

ಈಗ ಪ್ರಶ್ನೆ. ಇಂಥ ಕಾರು ಒಂದು ಸುಳ್ಳೇ?

ಧಮ್ಮ ಓದಿದವರಿಗೆ ಒಂದು ಜಾಣ ಉತ್ತರ ಕೂಡಲೇ ಹೊಳೆಯುತ್ತದೆ. ನೊಗ ರಥವಲ್ಲ, ಅಚ್ಚು ರಥವಲ್ಲ, ಚಕ್ರ ರಥವಲ್ಲ. ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು ರಥ ಎಂಬುದು ಮಿಲಿಂದಪಞ್ಹದ ಸಂವಾದದ ಸಾರ. ಹಾಗೆಯೇ ಫೆರಾರಿಯನ್ನು ಬಿಚ್ಚಿದರೂ ‘ಫೆರಾರಿತನ’ ಎಂಬ ವಸ್ತು ಯಾವ ಬೋಲ್ಟಿನ ಕೆಳಗೂ ಸಿಗುವುದಿಲ್ಲ. ಅಸಲಿ ಎಂಬುದೇ ಇಲ್ಲವಾದರೆ ನಕಲಿ ಎಲ್ಲಿಂದ ಬರಬೇಕು? ಎಲ್ಲವೂ ಬರೀ ಹೆಸರು!

ಕೇಳಲು ಚೆನ್ನಾಗಿದೆ. ಆದರೆ ಈ ಮಾತನ್ನು ಹೀಗೆ ಬಳಸುವುದು ಅಪಾಯ. ಹೆಸರು ವ್ಯವಹಾರಕ್ಕೆ ಇಟ್ಟುಕೊಂಡದ್ದು ಎಂದರೆ ಅದು ಲೆಕ್ಕಕ್ಕಿಲ್ಲದ್ದು ಎಂದಲ್ಲ. ರೂಪಾಯಿ ನೋಟು ಬರೀ ಕಾಗದ. ಹಾಗೆಂದು ಖೋಟಾ ನೋಟು ಕೊಟ್ಟವನನ್ನು ಅಂಗಡಿಯವನು ಬಿಡುತ್ತಾನೆಯೇ? ಹೆಸರುಗಳು ನಿಂತಿರುವುದು ಪರಸ್ಪರ ನಂಬಿಕೆಯ ಮೇಲೆ. ವಸ್ತುವಿನೊಳಗೆ ತಿರುಳು ಇಲ್ಲದಿರುವುದರಿಂದಲೇ ಮಾತಿನ ನಂಬಿಕೆಯನ್ನು ಹೆಚ್ಚು ಜೋಪಾನ ಮಾಡಬೇಕು. ಶೂನ್ಯತೆಯ ಮಾತು ನಮ್ಮ ಅಹಂಕಾರ ಕರಗಿಸಲು ಇರುವುದು, ಸುಳ್ಳಿಗೆ ರಶೀದಿ ಬರೆಯಲು ಅಲ್ಲ.

ಹಾಗಾದರೆ ಸುಳ್ಳು ಎಲ್ಲಿ ಶುರುವಾಗುತ್ತದೆ? ನಾಲ್ಕನೆಯ ಶೀಲವನ್ನು ವಿವರಿಸುವಾಗ ಅಟ್ಠಕಥೆಗಳು ಮುಸಾವಾದಕ್ಕೆ ನಾಲ್ಕು ಅಂಗಗಳನ್ನು ಹೇಳುತ್ತವೆ. ವಿಷಯ ನಿಜವಲ್ಲದ್ದಾಗಿರಬೇಕು. ತಪ್ಪು ತಿಳಿಸುವ ಮನಸ್ಸಿರಬೇಕು. ಆ ಮನಸ್ಸಿಗೆ ತಕ್ಕ ಪ್ರಯತ್ನ ನಡೆಯಬೇಕು. ಎದುರಿನವರಿಗೆ ಆ ಅರ್ಥ ಮುಟ್ಟಬೇಕು. ಪ್ರಯತ್ನ ನಾಲಿಗೆಯಿಂದಲೇ ಆಗಬೇಕೆಂದಿಲ್ಲ, ಮೈಯಿಂದಲೂ ಆಗಬಹುದು.

ಈ ಅಳತೆಯನ್ನು ಕಾರಿಗೆ ಹಿಡಿದು ನೋಡಿ. ಶೆಡ್ಡಿನಲ್ಲಿ ಪುಟ್ಟಿ ಉಜ್ಜುತ್ತಿರುವವನು ಯಾರಿಗೂ ಏನೂ ತಿಳಿಸುತ್ತಿಲ್ಲ. ಚೆಲುವಾದ ಒಂದು ಆಕಾರ ಮನಸ್ಸಿಗೆ ಹಿಡಿಸಿದೆ, ಅದನ್ನು ಕೈಯಿಂದ ಕಲಿಯುತ್ತಿದ್ದಾನೆ. ಯಕ್ಷಗಾನದಲ್ಲಿ ರಾವಣನ ಕಿರೀಟ ಕಟ್ಟಿದವನನ್ನು ನಾವು ಸುಳ್ಳುಗಾರ ಎನ್ನುವುದಿಲ್ಲವಲ್ಲ? ಅದು ವೇಷವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಆದರೆ ಕಾರು ಮುಗಿದ ದಿನ ಮೂತಿಯ ಮೇಲೆ ಮುಂಗಾಲೆತ್ತಿ ನಿಂತ ಕುದುರೆಯ ಲಾಂಛನ ಅಂಟಿಸುವ ಹೊತ್ತಿಗೆ ಸಂಗತಿ ಬದಲಾಗುತ್ತದೆ. ಇನ್ನೊಬ್ಬರ ದುಂಡಕ್ಷರ ನೋಡಿ ಹಾಗೆಯೇ ಬರೆಯುವುದು ಅಭ್ಯಾಸ. ಅದರ ಕೆಳಗೆ ಅವರ ಸಹಿ ಹಾಕುವುದು ಅಭ್ಯಾಸವಲ್ಲ.

ಮಾರಾಟಕ್ಕೆ ಇಳಿದರಂತೂ ಎರಡನೆಯ ಶೀಲವೂ ಮುಂದೆ ಬಂದು ನಿಲ್ಲುತ್ತದೆ. ಟೆಸ್ಟರೋಸ್ಸಾದ ಆ ರೂಪ ತಾನಾಗಿ ಹುಟ್ಟಿದ್ದಲ್ಲ. ಪಿನಿನ್‌ಫರೀನಾ ಸಂಸ್ಥೆಯ ವಿನ್ಯಾಸಗಾರರ ದುಡಿಮೆ ಅದರಲ್ಲಿದೆ. ಅಮೆರಿಕದ ಟೆನೆಸ್ಸಿಯಲ್ಲಿ ಒಬ್ಬರು ಫೆರಾರಿಯ ಡೇಟೋನಾ ಸ್ಪೈಡರ್ ಮತ್ತು ಟೆಸ್ಟರೋಸ್ಸಾ ಕಾರುಗಳ ಆಕಾರದ ಫೈಬರ್‌ಗ್ಲಾಸ್ ಮೈಗಳನ್ನು ಮಾರುತ್ತಿದ್ದರು. ಫೆರಾರಿ ದಾವೆ ಹೂಡಿತು. ಕೊಳ್ಳುವವರಿಗೆ ಇದು ಫೆರಾರಿಯಲ್ಲವೆಂದು ಚೆನ್ನಾಗಿ ಗೊತ್ತು, ಮೋಸವೆಲ್ಲಿ ಎಂದು ತಯಾರಕರ ಪರವಾಗಿ ವಾದಿಸಲಾಯಿತು. 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಫೆರಾರಿಯ ಪರವಾಗಿ ತೀರ್ಪು ಕೊಟ್ಟಿತು. ಕೊಂಡವನಿಗೆ ಗೊತ್ತಿದ್ದರೆ ಸಾಲದು, ಆಮೇಲೆ ರಸ್ತೆಯಲ್ಲಿ ಆ ಕಾರನ್ನು ನೋಡುವವರು ಗೊಂದಲಕ್ಕೆ ಬೀಳುವುದೂ ಲೆಕ್ಕಕ್ಕೆ ಬರುತ್ತದೆ ಎಂಬುದು ಅದರ ನಿಲುವು. ಒಬ್ಬ ನ್ಯಾಯಾಧೀಶರು ಇದಕ್ಕೆ ಭಿನ್ನಮತ ಬರೆದರು. ನಮ್ಮ ದೇಶದಲ್ಲಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗೂ ಆರ್.ಸಿ.ಯಲ್ಲಿ ಬರೆದದ್ದಕ್ಕೂ ವಾಹನಕ್ಕೂ ತಾಳೆಯಾಗದಂತೆ ಬದಲಾವಣೆ ಮಾಡುವಂತಿಲ್ಲ.

ಕಾನೂನಿನ ಮಾತು ಅಲ್ಲಿಗಿರಲಿ. ಆ ನ್ಯಾಯಾಲಯ ತೋರಿಸಿದ ದಾರಿಹೋಕನನ್ನು ಮಾತ್ರ ನಾವು ಬಿಡಬಾರದು. ನಾಲ್ಕನೆಯ ಅಂಗದಲ್ಲಿ ಬರುವ ‘ಎದುರಿನವರು’ ಎಂದರೆ ಅವನೇ.

ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹುಡುಗ ಕಾರಿನ ಹತ್ತಿರ ಬಂದು, ಕಣ್ಣರಳಿಸಿ, “ಇದು ನಿಜವಾದ ಫೆರಾರಿನಾ ಅಂಕಲ್?” ಎಂದು ಕೇಳುತ್ತಾನೆ ಎಂದಿಟ್ಟುಕೊಳ್ಳಿ. ‘ಹೌದು’ ಎಂದರೆ ಸುಳ್ಳು. ಏನೂ ಹೇಳದೆ ಕಿರುನಗೆ ನಕ್ಕರೆ? ಹುಡುಗನಿಗೆ ಮುಟ್ಟುವ ಅರ್ಥ ಅದೇ. ನಾಲಿಗೆ ಶುದ್ಧವಾಗಿದೆ ಎಂಬ ಸಮಾಧಾನ ಮಾತ್ರ ಉಳಿಯುತ್ತದೆ.

ಆ ನಗೆಯಲ್ಲಿ ಮೊದಲು ನಷ್ಟವಾಗುವುದು ಯಾರಿಗೆ? ಕಟ್ಟಿದವನಿಗೇ. 12 ಸಿಲಿಂಡರ್ ಎಂಜಿನ್ನಿನ ಟೆಸ್ಟರೋಸ್ಸಾವನ್ನು ಹಣವಿದ್ದವರು ಯಾರು ಬೇಕಾದರೂ ಕೊಂಡಾರು. 4 ಸಿಲಿಂಡರಿನ ಹಳೆಯ ಫಿಯೆರೋವನ್ನು ಕತ್ತರಿಸಿ, ಬೆಸೆದು, ಉಜ್ಜಿ ಈ ರೂಪಕ್ಕೆ ತಂದದ್ದು ಅವನ ಎರಡು ಕೈ. ‘ಹೌದು’ ಎಂದ ಕ್ಷಣ ಆ ದುಡಿಮೆಯೆಲ್ಲ ಅಳಿಸಿಹೋಗುತ್ತದೆ. ಹುಡುಗ ಮೆಚ್ಚಿ ಹೋಗುವುದು ಇಟಲಿಯ ಕಾರ್ಖಾನೆಯನ್ನು, ಇಲ್ಲವೇ ಅವನಲ್ಲಿ ಇಲ್ಲದ ಹಣವನ್ನು. ‘ಇಲ್ಲಪ್ಪ, ಒಳಗಿರೋದು ಪಾಂಟಿಯಾಕ್. ಈ ಮೈಯನ್ನು ನಾನೇ ಕೂರಿಸಿದೆ, ಬಾ ತೋರಿಸ್ತೀನಿ’ ಎಂದರೆ ಹುಡುಗ ಬಗ್ಗಿ ನೋಡುತ್ತಾನೆ. ಬೆಸುಗೆ ಹೇಗೆ ಹಾಕಿದಿರಿ ಎಂದು ಕೇಳುತ್ತಾನೆ. ಆಗ ಕಾರಿಗೂ ಮಾನ, ಕಟ್ಟಿದವನಿಗೂ ಮಾನ, ಮರೆತುಹೋದ ದಾನಿಗೂ ಒಂದು ಹೆಸರು.

ಇಷ್ಟು ಸುಲಭದ ಮಾತು ಬಾಯಿಂದ ಯಾಕೆ ಹೊರಡುವುದಿಲ್ಲ? ಇಲ್ಲಿರುವುದು ತಣ್ಹಾ. ಮೊದಮೊದಲು ಬೇಕಾಗಿದ್ದುದು ಆ ಆಕಾರ. ಬರಬರುತ್ತ ಬೇಕಾಗಿದ್ದು ಅದನ್ನು ನೋಡುವವರ ಕಣ್ಣು. ಕಣ್ಣಿನ ಹಸಿವು ಹತ್ತಿದವನಿಗೆ ತನ್ನ ಕೈಕೆಲಸವೇ ನಾಚಿಕೆಯ ಸಂಗತಿಯಾಗುತ್ತದೆ. ಎಂಜಿನ್ನಿನ ಮುಚ್ಚಳ ಯಾರಾದರೂ ತೆಗೆದಾರು ಎಂಬ ದಿಗಿಲು ಶುರುವಾಗುತ್ತದೆ. ಇಷ್ಟಪಟ್ಟು ಕಟ್ಟಿದ ಕಾರಿನಲ್ಲಿ ದಿಗಿಲು ಹೊತ್ತು ತಿರುಗುವುದಕ್ಕಿಂತ ದೊಡ್ಡ ದುಕ್ಖ ಏನಿದೆ?

ನಮ್ಮ ಭಾಷೆ ಇದಕ್ಕೊಂದು ಒಳ್ಳೆಯ ಸುಳಿವು ಕೊಡುತ್ತದೆ. ‘ನಕಲು’ ಎಂಬ ಒಂದೇ ಪದ ನಮ್ಮಲ್ಲಿ ಎರಡು ಕಡೆ ಬಳಕೆಯಲ್ಲಿದೆ. ಪರೀಕ್ಷೆಯಲ್ಲಿ ಪಕ್ಕದವನದು ನೋಡಿ ಬರೆದರೂ ನಕಲು, ತಾಲ್ಲೂಕು ಕಚೇರಿಯಲ್ಲಿ ಮೊಹರು ಹಾಕಿ ಕೊಡುವ ದೃಢೀಕೃತ ಪ್ರತಿಯೂ ನಕಲು. ಎರಡೂ ಇನ್ನೊಂದನ್ನು ನೋಡಿ ಮಾಡಿದವೇ. ಆದರೆ ಕಚೇರಿಯ ನಕಲಿಗೆ ಅವಮಾನವಿಲ್ಲ. ಅದನ್ನು ನಂಬಿ ವ್ಯವಹಾರ ನಡೆಯುತ್ತದೆ. ಕಾರಣ ಇಷ್ಟೇ, ತಾನು ನಕಲು ಎಂದು ಅದು ಮುಖದ ಮೇಲೆಯೇ ಬರೆದುಕೊಂಡಿರುತ್ತದೆ.

ಮಿತ್ರರೇ, ನಾವೂ ಹೀಗೆಯೇ ಕಟ್ಟಿಕೊಂಡವರು. ಮಾತಿನ ಧಾಟಿ ಯಾರೋ ಗುರುಗಳದು, ಪ್ರಾರ್ಥನೆಗೆ ಕೂರುವ ಭಂಗಿ ಇನ್ನಾರದೋ, ಒಳಗಿನ ಎಂಜಿನ್ನು ಮಾತ್ರ ಹಳೆಯದೇ. ದೊಡ್ಡವರನ್ನು ನೋಡಿ ಅನುಕರಿಸುವುದು ತಪ್ಪಲ್ಲ, ಕಲಿಯುವುದೇ ಹಾಗೆ. ಮೈತ್ರಿಯನ್ನು ಕೂಡ ನಾವು ಮೊದಲು ನೋಡಿ ಕಲಿತು, ಆಮೇಲೆ ಒಳಗೆ ತಂದುಕೊಳ್ಳುತ್ತೇವೆ. ಇನ್ನೂ ಮುಟ್ಟದ ಎತ್ತರದ ಲಾಂಛನವನ್ನು ಎದೆಗೆ ಅಂಟಿಸಿಕೊಂಡಾಗ ಮಾತ್ರ ಅನುಕರಣೆ ಸುಳ್ಳಾಗುತ್ತದೆ.

ಇವತ್ತು ಒಂದು ಅಭ್ಯಾಸ ಮಾಡೋಣ. ಯಾರಾದರೂ ನಮ್ಮನ್ನು, ನಮ್ಮಲ್ಲಿಲ್ಲದ ಗುಣಕ್ಕಾಗಿ ಮೆಚ್ಚಿ ಮಾತಾಡಿದಾಗ, ಕಿರುನಗೆ ನಕ್ಕು ಸುಮ್ಮನಾಗುವ ಮುನ್ನ ಒಂದು ಉಸಿರು ನಿಲ್ಲೋಣ. ಆಮೇಲೆ ‘ಇಲ್ಲಪ್ಪ, ಅದು ನನ್ನದಲ್ಲ, ಇಂಥವರಿಂದ ಕಲಿತದ್ದು’ ಎಂದು ಹೇಳೋಣ. ನಮ್ಮ ಒಳಗಿನ ದಾನಿಗಳ ಹೆಸರು ಹೇಳಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಸಕಲರಿಗೂ ಮಂಗಳವಾಗಲಿ. 🙏